ಕೂಸಿನ ಹೆಸರಿನ ಬೆಳ್ಳಿ

ಕೆಮ್ಮಣ್ಣು ಹಚ್ಚಿ ಒಣಗಿಸಿದ ತೊಗರಿಯನ್ನು ಪ್ರಯಾಗಬಾಯಿ ಹಿಡಿಹಿಡಿಯಾಗಿ ಬೀಸುಕಲ್ಲಿಗೆ ಹಾಕುತ್ತಿದ್ದಳು. ಕಲ್ಲು ತಿರುಗಿದಂತೆ ಬೇಳೆ ಒಡೆದು ಸುತ್ತಲೂ ಉದುರುತ್ತಿತ್ತು. ಎದುರಿಗೆ ಸೊಸೆ ಶಿವಗಂಗಾಬಾಯಿ ತುಂಬಿದ ಹೊಟ್ಟೆಗೆ ಮೊರ ಆನಿಸಿಕೊಂಡು ಸಿಪ್ಪೆ ಕೇರುತ್ತಿದ್ದಳು. ಅವಳಿಗೆ ದಿನ ತುಂಬಿದ್ದವು.

"ಮೊರ ಕೆಳಗಿಡು. ನಾ ಕೇರ್ತೀನಿ," ಎಂದಳು ಪ್ರಯಾಗಬಾಯಿ.

"ಸುಮ್ಮ ಕೂತರ ಸೊಂಟ ಇನ್ನಾ ನೋಯ್ತದರಿ ಅತ್ತೆವ್ವ."

ಹೊರಗೆ ಕೆರವು ಬಿಡುವ ಸದ್ದಾಯಿತು. ಮಗ ಮನ್ಮಥಪ್ಪ ಒಳಗೆ ಬಂದ. ಲೋಹಾರಾ ಪೇಟೆಯಲ್ಲಿ ಒಬ್ಬ ವ್ಯಾಪಾರಿಗೆ ತೊಗರಿ, ಕಡಲೆ ಖರೀದಿ ಮಾಡಿಕೊಡುವುದು ಅವನ ಕೆಲಸ. ಇವತ್ತು ಅಲ್ಲಿಗೆ ಹೋಗಿರಲಿಲ್ಲ. ಕೈಯಲ್ಲಿ ಮಡಿಸಿದ ಕಾಗದವಿತ್ತು.

"ಅರ್ಜಿ ಬರಸ್ಕೊಂಡು ಬಂದೀನಿ ಅವ್ವಾ."

"ಏನಂತ ಬರ್ದಾನ ಮುನ್ಶಿ? ಓದು."

"ಉರ್ದು ಅದ. ನನಗೆಲ್ಲಿ ಬರ್ತದ? ಅಂವನೇ ಓದಿ ಹೇಳಿದ. ಸುಂಕದ ನಾಕಾದಾಗ ಜಬ್ತಿ ಮಾಡಿದ ಲಿಂಗದ ಬೆಳ್ಳಿ ಕರಡಗಿ ತಿರುಗಿ ಕೊಡಬೇಕು ಅಂತ ಬರ್ದಾನ. ಮಾಲಕನ ಹೆಸರಿನ ಜಾಗಾ ಖಾಲಿ ಬಿಟ್ಟಾನ."

"ಖಾಲಿ ಯಾಕ?"

"ಮಾಲಕ ಯಾರು ಅಂತ ಕೇಳ್ದ. ನಾ ಏನು ಹೇಳ್ಲಿ? ಕೂಸಿಂದು ಅಂತ ಬರದ್ರ, ಕೂಸು ಹುಟ್ಟಿದ ಮ್ಯಾಲ ಸುಂಕ ಇಲ್ದೇ ಬಿಟ್ರೂ ಬಿಡಬಹುದಂತ. ನಿಂದು ಅಂತ ಬರದ್ರ ಸುಂಕ ಕೊಡಬೇಕು, ಮ್ಯಾಲ ಜುರ್ಮಾನಿ."

ಪ್ರಯಾಗಬಾಯಿ ಕಣ್ಣಿನಿಂದಲೇ ಮಗನಿಗೆ ಸುಮ್ಮನಿರು ಎಂದಳು. ಅವನಿಗೆ ತಿಳಿಯಲಿಲ್ಲ.

"ನನ್ನ ಯಾಕ ಹಂಗ ನೋಡ್ತಿ? ಬ್ಯಾಳಿ ಒಡದು ಒಡದು ಮುಪ್ಪಿಗಂತ ನೀ ಕೂಡಿಟ್ಟ ಬೆಳ್ಳಿ ಅಲ್ಲೇನು ಅದು?"

ಮೊರ ನಿಂತಿತು.

"ಏನಂದ್ರಿ?" ಎಂದಳು ಶಿವಗಂಗಾಬಾಯಿ ಗಂಡನಿಗೆ. ಆಮೇಲೆ ಅತ್ತೆಯ ಕಡೆ ತಿರುಗಿದಳು. "ಕೂಸಿಂದು ಅಂದಿದ್ರಲ್ಲರಿ?"

"ಕೂಸೂ ನಮ್ಮದೇ, ಬೆಳ್ಳೀನೂ ನಮ್ಮದೇ," ಎಂದಳು ಪ್ರಯಾಗಬಾಯಿ ಕಲ್ಲಿನ ಗೂಟ ಹಿಡಿದುಕೊಂಡು. "ಒಂದೇ ಮನಿ. ಅದರಾಗ ಯಾರದು ಏನು?"

"ನಾ ಲಿಂಗ ಮುಟ್ಟಿ ಹೇಳೀನಿ ಅತ್ತೆವ್ವ. ಅಷ್ಟು ಮಂದಿ ಮುಂದ. ನನ್ನ ಕೂಸಿಂದು ಅಂತ."

"ಯಾರು ಮುಟ್ಟು ಅಂದ್ರು ನಿನಗ? ಬಾಯಿಲೇ ಹೇಳಿದ್ರ ಸಾಕಿತ್ತು."

"ಖರೇ ಅಂತ ತಿಳದು ಮುಟ್ಟೀನಿ. ಈಗ ಆ ಖಾಲಿ ಜಾಗಾದಾಗ ನನ್ನ ಕೂಸಿನ ಹೆಸರೇ ಬರಸ್ರಿ. ಇಲ್ಲಂದ್ರ ನನ್ನ ಆಣಿ ಸುಳ್ಳಾಗ್ತದ."

ಪ್ರಯಾಗಬಾಯಿ ಇನ್ನೊಂದು ಹಿಡಿ ತೊಗರಿ ಹಾಕಿ ಕಲ್ಲು ತಿರುಗಿಸಿದಳು. ಮನ್ಮಥಪ್ಪ ಕಾಗದವನ್ನು ಉಪ್ಪಿನ ಮಡಕೆಯ ಮೇಲಿನ ಮಾಡದಲ್ಲಿಟ್ಟು ಹೊರಗೆ ಹೋದ.

ಆ ಬೆಳ್ಳಿಯ ಕಥೆ ಶಿವಗಂಗಾಬಾಯಿ ಈ ಮನೆಗೆ ಬರುವುದಕ್ಕೆ ಬಹಳ ಹಿಂದಿನದು. ಪ್ರಯಾಗಬಾಯಿ ಉಮರ್ಗಾದ ಈ ಮನೆಗೆ ಸೊಸೆಯಾಗಿ ಬಂದಾಗ ಅತ್ತೆ ಮಾಣಿಕಮ್ಮನಿಗೆ ಕೈ ಸೋತಿದ್ದವು. ತಲೆಗೆ ಹಚ್ಚುವ ಎಣ್ಣೆ ಬೇಕಾದರೂ ಮಾಣಿಕಮ್ಮ ಮಗನನ್ನು ಕೇಳಬೇಕಾಗಿತ್ತು. ಮಗ, ಅಂದರೆ ಪ್ರಯಾಗಬಾಯಿಯ ಗಂಡ ಕಲ್ಯಾಣಪ್ಪ, ಕೆಟ್ಟವನಲ್ಲ, ಕೇಳಿದರೆ ತಂದುಕೊಡುತ್ತಿದ್ದ. ಆದರೆ ಕೇಳಲೋ ಬೇಡವೋ ಎಂದು ಮುದುಕಿ ವಾರಗಟ್ಟಲೆ ಒಣತಲೆಯಲ್ಲಿ ಕೂತಿರುತ್ತಿದ್ದಳು. ಅದನ್ನು ನೋಡಿದ ಪ್ರಯಾಗಬಾಯಿ ಮೈಯಲ್ಲಿ ಕಸುವಿದ್ದಾಗಲೇ ಪೇಟೆಯ ಅಂಗಡಿಗಳಿಗೆ ಬೇಳೆ ಒಡೆದುಕೊಡಲು ಹಿಡಿದಳು. ಬಂದ ದುಡ್ಡನ್ನು ಸೊಲ್ಲಾಪುರದಲ್ಲಿದ್ದ ಅಣ್ಣ ವಿಶ್ವನಾಥಪ್ಪನಿಗೆ ಕಳಿಸುತ್ತಿದ್ದಳು. ಅವನು ಅಲ್ಲಿಯ ಸರಾಫನ ಹತ್ತಿರ ಬೆಳ್ಳಿ ಕೊಂಡು ಇಡುತ್ತಿದ್ದ. ಪಕ್ಕದ ಮನೆಯ ಸರುಬಾಯಿ ಆಗ ನಗುತ್ತಿದ್ದಳು: "ಬಾಯಿ ತುಂಬ ಹಲ್ಲು ಅವ, ಈಗೇ ಬೋಳು ಬಾಯಿಗೆ ಗಂಜಿ ಕಾಸ್ಲತ್ತಿ ಏನ?"

ಈ ವರ್ಷ ಅಣ್ಣನಿಗೆ ದಮ್ಮು ಹೆಚ್ಚಾಯಿತು. ನಾನು ಇರುವಾಗಲೇ ನಿನ್ನ ಬೆಳ್ಳಿ ಒಯ್ಯಿ ಎಂದು ಹೇಳಿ ಕಳಿಸಿದ.

ಸೊಲ್ಲಾಪುರ ಇಂಗ್ರೇಜರ ರಾಜ್ಯ, ಉಮರ್ಗಾ ನಿಜಾಮರ ರಾಜ್ಯ. ನಡುವೆ ಸುಂಕದ ನಾಕಾ. ಗಟ್ಟಿ ಬೆಳ್ಳಿ ತಂದರೆ ಸುಂಕ. ಮೈಮೇಲಿನ ಒಡವೆಗೆ, ಲಿಂಗವಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ಕರಡಿಗೆಗೆ ಸುಂಕವಿಲ್ಲ. ಆದರೆ ತಲೆಗೆ ಒಂದೇ ಕರಡಿಗೆ. ಪ್ರಯಾಗಬಾಯಿಯ ಕೊರಳಲ್ಲಿ ಆಗಲೇ ಒಂದಿತ್ತು. ಸೊಸೆಯ ಕೊರಳಲ್ಲೂ ಇತ್ತು. ಆಗ ಸೊಸೆಗೆ ಎಂಟನೇ ತಿಂಗಳು. ಎಂಟರಲ್ಲಿ ಅಯ್ಯನವರು ಬಂದು ಹೊಟ್ಟೆಯೊಳಗಿನ ಕೂಸಿಗೂ ಒಂದು ಲಿಂಗ ಕೊಡುವುದು, ಹೆರಿಗೆಯಾಗುವವರೆಗೆ ಅದನ್ನು ತಾಯಿಯೇ ತನ್ನದರ ಜೊತೆ ಕಟ್ಟಿಕೊಳ್ಳುವುದು ಇವರ ಮನೆಗಳ ಪದ್ಧತಿ. ಪ್ರಯಾಗಬಾಯಿ ಸೊಸೆಯನ್ನು ಸೊಲ್ಲಾಪುರಕ್ಕೆ ಕರೆದುಕೊಂಡು ಹೋಗಿ ಅಣ್ಣನ ಮನೆಯಲ್ಲೇ ಆ ಕಾರ್ಯ ಮಾಡಿಸಿದಳು. ಕೂಡಿಟ್ಟ ಬೆಳ್ಳಿಯನ್ನೆಲ್ಲ ಕರಗಿಸಿ ಕೂಸಿನ ಲಿಂಗಕ್ಕೆ ಕರಡಿಗೆ ಹೊಡೆಸಿದಳು.

"ಏಟು ಭಾರ ಅದರಿ ಇದು!" ಎಂದಿದ್ದಳು ಶಿವಗಂಗಾಬಾಯಿ. ತಾಯಿಯಿಲ್ಲದೆ ಉದಗೀರದಲ್ಲಿ ಅಣ್ಣ ಅತ್ತಿಗೆಯರ ಕೈಯಲ್ಲಿ ಬೆಳೆದವಳು. ಅವಳ ಹೆಸರಿಗೆ ಯಾರೂ ಏನನ್ನೂ ಮಾಡಿಸಿರಲಿಲ್ಲ. "ನನ್ನ ಕೂಸಿಗಿ ಇಷ್ಟು ದೊಡ್ಡದ್ಯಾಕರಿ?"

"ನಿನ್ನ ಕೂಸು ಅಲ್ಲೇನು? ಇರಲಿ," ಎಂದಿದ್ದಳು ಪ್ರಯಾಗಬಾಯಿ.

ನಾಕಾದಲ್ಲಿ ಗಾಡಿಗಳ ಸಾಲಿತ್ತು. ದಾರೋಗಾ ಶಿವಗಂಗಾಬಾಯಿಯ ಸೆರಗಿನ ಉಬ್ಬು ನೋಡಿದ.

"ಎರಡು ಯಾಕಮ್ಮ? ನಿನಗ ಕುತ್ತಿಗಿ ಎರಡು ಅವ ಏನು?"

"ಒಂದು ನಂದು, ಒಂದು ಕೂಸಿಂದು."

"ಕೂಸು ಎಲ್ಲಿ?"

ಅವಳು ಹೊಟ್ಟೆ ತೋರಿಸಿದಳು. ಗಾಡಿಯವರು ಗೊಳ್ಳೆಂದು ನಕ್ಕರು.

"ತಲಿಗೊಂದು ಮಾಫ್ ಅಂತ ಹುಕುಂ ಅದ. ಹೊಟ್ಟ್ಯಾಗಿಂದು ತಲಿ ಲೆಕ್ಕಕ್ಕ ಬರಂಗಿಲ್ಲ."

"ನಮ್ಮಲ್ಲಿ ಹೊಟ್ಟ್ಯಾಗಿದ್ದಾಗೇ ಲಿಂಗ ಕೊಡ್ತಾರರಿ ಸಾಹೇಬರೆ," ಎಂದಳು ಪ್ರಯಾಗಬಾಯಿ. "ದೇವರ ಲೆಕ್ಕಕ್ಕ ಬಂದದ್ದು ನಿಮಗ್ಯಾಕ ಬರಂಗಿಲ್ಲ?"

"ದೇವರು ರಸೀದಿ ಬರ್ಯಂಗಿಲ್ಲವ್ವಾ. ನಾ ಬರೀಬೇಕು. ಒಂದು ತಿಂಗಳು ತಡದು, ಕೂಸಿನ ಕೊರಳಾಗ ಹಾಕ್ಕೊಂಡು ಬಂದಿದ್ರ ಸಲಾಂ ಮಾಡಿ ಬಿಡ್ತಿದ್ದೆ." ಕರಡಿಗೆಯನ್ನು ಅಂಗೈಯಲ್ಲಿ ತೂಗಿ ನೋಡಿದ. "ಇಷ್ಟು ಭಾರ ಕೂಸಿಗಿ? ಖರೇ ಹೇಳಮ್ಮ, ಯಾರದಿದು?"

ಆಗಲೇ ಶಿವಗಂಗಾಬಾಯಿ ತನ್ನ ಲಿಂಗದ ಮೇಲೆ ಕೈಯಿಟ್ಟು, ನನ್ನ ಕೂಸಿಂದು ಎಂದದ್ದು. ಪ್ರಯಾಗಬಾಯಿ ಎತ್ತಿನ ಕಾಲು ನೋಡುತ್ತ ನಿಂತಿದ್ದಳು. ಸುಂಕಕ್ಕೆ ಕೈಯಲ್ಲಿ ದುಡ್ಡಿರಲಿಲ್ಲ. ಲಿಂಗ ಒಯ್ಯಿರಿ, ಬೆಳ್ಳಿ ಇಡಿರಿ ಎಂದ ದಾರೋಗಾ. ಕೂಸಿನ ಕುಂಚಿಗೆಗೆಂದು ಕೊಂಡಿದ್ದ ಹೊಸ ಅರಿವೆಯ ತುದಿ ಹರಿದು ಶಿವಗಂಗಾಬಾಯಿ ಲಿಂಗವನ್ನು ಅದರಲ್ಲಿ ಕಟ್ಟಿಕೊಂಡಳು. ಯುಗಾದಿಯೊಳಗೆ ಮೇಲಿನ ಕಚೇರಿಗೆ ಅರ್ಜಿ ಹೋಗದಿದ್ದರೆ ಬೆಳ್ಳಿ ಲಿಲಾವಾಗುತ್ತದೆ ಎಂದು ಹೇಳಿ ದಾರೋಗಾ ರಸೀದಿ ಕೊಟ್ಟಿದ್ದ.

ಆ ಸಂಜೆ ಊಟಕ್ಕೆ ಕೂತಾಗ ಯಾರೂ ಬೆಳ್ಳಿಯ ಮಾತು ಎತ್ತಲಿಲ್ಲ. ಪುಂಡಿಪಲ್ಲೆ, ರೊಟ್ಟಿ. ಕಲ್ಯಾಣಪ್ಪ ತಾಟಿನ ಅಂಚು ಹಿಡಿದು, ಪಲ್ಲೆ ಎಲ್ಲಿದೆ ಎಂದು ಬೆರಳಿನಿಂದ ಹುಡುಕಿದ. ಪ್ರಯಾಗಬಾಯಿ ಅವನ ಕೈಯನ್ನು ಪಲ್ಲೆಯ ಕಡೆ ಸರಿಸಿದಳು. ಹೊಲ ತನ್ನ ಅಣ್ಣನ ಪಾಲಿಗೆ ಹೋದ ಮೇಲೆ ಕಲ್ಯಾಣಪ್ಪ ಪೇಟೆಯ ಅಡತಿ ಅಂಗಡಿಯಲ್ಲಿ ಕಾಳು ತೂಗುತ್ತಲೇ ಬಂದವನು. ಕಣ್ಣಿಗೆ ಪೊರೆ ಬರುತ್ತಿದೆ ಎಂದು ಹೆಂಡತಿಗೆ ಮಾತ್ರ ಗೊತ್ತಿತ್ತು.

"ಕಾಯ್ದೆ ಮಾಡಿದವರ ಬುದ್ಧಿ ಎಲ್ಲಿ ಹೋಗ್ಯದರಿ?" ಎಂದು ಪ್ರಯಾಗಬಾಯಿಯೇ ಕೊನೆಗೆ ಬಾಯಿ ಬಿಟ್ಟಳು. "ಹುಟ್ಟಿದ ಮ್ಯಾಲ ತಂದ್ರ ಮಾಫ್, ಹುಟ್ಟೂದಕ್ಕ ಮೊದಲ ತಂದ್ರ ಸುಂಕ. ತೊಟ್ಕೊಂಡವರಿಗಿ ಮಾಫ್, ಮುಪ್ಪಿಗಂತ ಇಟ್ಕೊಂಡವರಿಗಿ ಸುಂಕ. ಲಗೂ ಎದ್ದು ಕೂಡಿಟ್ಟಿದ್ದೇ ನನ್ನ ತಪ್ಪೇನು?"

"ಕೂಡಿಟ್ಟಿದ್ದು ತಪ್ಪಲ್ಲ," ಎಂದ ಕಲ್ಯಾಣಪ್ಪ. "ಒಂದೇ ಬೆಳ್ಳಿಗೆ ಎರಡು ಮಾಲಕರ ಮಾಡೀದಿ. ಯಾವ ತಕ್ಕಡಿ ತೂಗತದ ಇದನ್ನ?"

"ಯಾರಿಗೋಸ್ಕರ ಮಾಡೀನಿ?"

"ನನಗೋಸ್ಕರನೂ ಮಾಡೀದಿ. ಇಲ್ಲ ಅಂದೀನೇನು? ರೊಟ್ಟಿ ಹಾಕು."

ವಾರದೊಳಗೆ ಶಿವಗಂಗಾಬಾಯಿ ಹೆತ್ತಳು. ಹೆಣ್ಣು. ಸೂಲಗಿತ್ತಿ ಹೊಕ್ಕುಳ ಕೊಯ್ದು ಎರೆದ ಮೇಲೆ, ಆ ಅರಿವೆಯಲ್ಲಿದ್ದ ಲಿಂಗವನ್ನೇ ತೊಟ್ಟಿಲ ಹಗ್ಗಕ್ಕೆ ಕಟ್ಟಿದರು.

ತೊಟ್ಟಿಲಿಗೆ ಹಾಕುವ ದಿನ ನಿಲಂಗಾದಿಂದ ಮಗಳು ಕುಸುಮಬಾಯಿ ಬಂದಳು. ಬರುವಾಗ ಬೆಲ್ಲ, ಕೊಬ್ಬರಿ, ಬಾಣಂತಿಯ ಉಂಡೆಗೆ ಅಂಟು ತಂದಿದ್ದಳು. ತೊಟ್ಟಿಲು ತೂಗುತ್ತ, "ಇದೇನವ್ವಾ, ಕೂಸಿನ ಲಿಂಗ ಅರಿವ್ಯಾಗ? ನನ್ನ ಮಕ್ಕಳಿಗೆಲ್ಲ ನೀನೇ ಕರಡಗಿ ಕೊಟ್ಟೀದಿ," ಎಂದಳು.

"ಇದರದು ನಾಕಾದಾಗ ಅದ," ಎಂದ ಮನ್ಮಥಪ್ಪ. ಅವನು ಅವತ್ತು ಖುಷಿಯಲ್ಲಿದ್ದ. "ಇನ್ನ ತಡಾ ಯಾಕವ್ವಾ? ಈಗ ತಲಿ ಹುಟ್ಯದ. ತೊಟ್ಟಲದಾಗ ಕಾಣಸ್ಲತ್ತದ. ಅರ್ಜಿಯಾಗ ಇದರ ಹೆಸರು ಹಾಕಿ ನಾಳೆನೇ ಟಪಾಲಿಗಿ ಹಾಕ್ತೀನಿ."

"ತಡಿ," ಎಂದಳು ಪ್ರಯಾಗಬಾಯಿ.

"ಏನು ತಡಿ? ಬೆಳ್ಳಿ ಬಂದು ಕೂಡೂದು ಇದೇ ಮನ್ಯಾಗ. ಹೆಸರು ಯಾರದಿದ್ರೇನು ಅಂತ ನೀನೇ ಅಂದಿದ್ದಿ."

"ಗಂಡಾಗಿದ್ರ ಇದೇ ಮನ್ಯಾಗ ಕೂಡ್ತಿತ್ತು. ಹೆಣ್ಣಿನ ಕೊರಳಾಗಿಂದು ಹೆಣ್ಣಿನ ಜೋಡಿ ಹೋಗ್ತದ. ಕುಸುಮಾನ ಕರಡಗಿ ಎಲ್ಲದ ಕೇಳು."

ಕುಸುಮಬಾಯಿ ತನ್ನ ಸೆರಗು ಮುಟ್ಟಿಕೊಂಡಳು. "ನನ್ನ ಕೊರಳಾಗ ಅದ. ನನ್ನ ಜೋಡಿ ನಿಲಂಗಾಕ್ಕ ಹೋಗ್ಯದ."

"ಗಂಡಾಗಿದ್ರೂ ಏನು?" ಪ್ರಯಾಗಬಾಯಿ ಮಾತು ಮುಂದುವರಿಸಿದಳು. "ಮೊಮ್ಮಗನ ಲಿಂಗದ ಕರಡಗಿ ಮಾರಿ ಉಂಡ್ರು ಅಂತ ಓಣಿ ಮಂದಿ ಉಗುಳಂಗಿಲ್ಲೇನು? ಮಾರಬೇಕಾದ್ರ ನಿನ್ನ ಕೇಳಬೇಕು. ಪ್ರತಿ ಸಲ."

"ಕೇಳಿದ್ರ ನಾ ಒಲ್ಲೆ ಅಂತೀನೇನು?"

"ನಿಮ್ಮಪ್ಪನೂ ಒಲ್ಲೆ ಅಂತಿದ್ದಿಲ್ಲ, ನಿಮ್ಮಜ್ಜಿಗಿ."

ಬಾಣಂತಿಯ ಕೋಣೆಯಿಂದ ಶಿವಗಂಗಾಬಾಯಿಯ ದನಿ ಬಂತು. "ಹೆಣ್ಣಿಂದೇ ಆಗ್ಲಿ. ಹೆಣ್ಣಿಗಿ ಬೆಳ್ಳಿ ಇರಬಾರದೇನು? ನನ್ನ ಕೊರಳಾಗ ಏನು ಹಾಕಿ ಕಳಿಸ್ಯಾರ ನಮ್ಮವರು? ನೀವೇ ಮದುವಿಗಿ ಮಾಡಿಸಿದ್ರಿ. ಆಕಿಗೆ ಹಂಗಾಗೂದು ಬ್ಯಾಡ."

"ಆಕಿಗಿ ಆಕಿ ಅಪ್ಪ ಮಾಡಸ್ತಾನ!" ಎಂದಳು ಪ್ರಯಾಗಬಾಯಿ.

"ಆಕಿ ಅಜ್ಜಿ ಮಾಡಿಸ್ಯಾರ ಅಂತ ನಾ ಆಣಿ ಮಾಡೀನಿ."

ಕೂಸು ಅಳತೊಡಗಿತು. ಕುಸುಮಬಾಯಿ ಅದನ್ನೆತ್ತಿಕೊಂಡು ಒಳಗೆ ಹೋದಳು. ಗೋಧಿ ಹುಗ್ಗಿ ತಳ ಹಿಡಿದ ವಾಸನೆ ಬಂದಾಗ ಪ್ರಯಾಗಬಾಯಿ ಒಲೆಗೆ ಓಡಿದಳು. ಆ ದಿನ ಹುಗ್ಗಿ ಉಂಡವರೆಲ್ಲ ಚಲೋ ಆಗಿದೆ ಎಂದರು. ಅದು ಸೀದಿತ್ತು.

ಶಿವರಾತ್ರಿ ಕಳೆಯಿತು. ಕಾಗದ ಮಾಡದಲ್ಲೇ ಇತ್ತು. ಉಪ್ಪು ತೆಗೆಯುವಾಗಲೆಲ್ಲ ಪ್ರಯಾಗಬಾಯಿಯ ಕಣ್ಣು ಅದರ ಮೇಲೆ ಬೀಳುತ್ತಿತ್ತು. ಒಮ್ಮೆ ಜಿರಲೆ ಕಡಿದೀತು ಎಂದು ತೆಗೆದು ಒರೆಸಿ, ಮತ್ತೆ ಅಲ್ಲೇ ಇಟ್ಟಳು.

ಒಂದು ದಿನ ಮಧ್ಯಾಹ್ನವೇ ಕಲ್ಯಾಣಪ್ಪ ಅಂಗಡಿಯಿಂದ ಮನೆಗೆ ಬಂದ. ರುಮಾಲು ತಲೆಯ ಮೇಲಿರಲಿಲ್ಲ, ಕೈಯಲ್ಲಿತ್ತು. ಕಟ್ಟೆಯ ಮೇಲೆ ಕೂತ.

"ಈಟು ಲಗೂ?" ಎಂದಳು ಪ್ರಯಾಗಬಾಯಿ.

"ತುರೋರಿ ನಾಗಣ್ಣ ಜ್ವಾಳ ತಂದಿದ್ದ. ತಕ್ಕಡಿ ಮುಳ್ಳು ನಟ್ಟಗ ನಿಂತದ ಅಂತ ನಾ ಅಂದೆ. ಅಂವ ಅಂದ, ಕಾಕಾ, ಮುಳ್ಳು ವಾಲ್ಯದ, ಹತ್ರ ಬಂದು ನೋಡ್ರಿ. ಮೂಗು ಹಚ್ಚಿ ನೋಡಿದೆ. ವಾಲಿತ್ತು."

"ಸಾವಕಾರ ಏನಂದ್ರು?"

"ಸಿಟ್ಟು ಮಾಡಿಲ್ಲ. ಚಾ ತರಿಸಿಕೊಟ್ಟಾರ." ಕಲ್ಯಾಣಪ್ಪ ರುಮಾಲು ಮಡಿಸಿದ, ಬಿಚ್ಚಿದ. "ಮನ್ಯಾಗ ಮೊಮ್ಮಗಳು ಬಂದಾಳಂತ, ಆಡಸ್ಕೋತ ಕೂಡ್ರಿ ಅಂದ್ರು. ಯುಗಾದಿಯಿಂದ ಬ್ಯಾರೆಯವರಿಗಿ ಇಡ್ತಾರಂತ."

ಪ್ರಯಾಗಬಾಯಿ ಒಂದು ಚಂಬು ನೀರು ತಂದು ಅವನ ಕೈಗೇ ಕೊಟ್ಟಳು. ಆಮೇಲೆ ಬೀಸುಕಲ್ಲಿನ ಮುಂದೆ ಕೂತಳು. ಅವಳ ಬಲಭುಜವೂ ಈಚೆಗೆ ಕಲ್ಲು ತಿರುಗಿಸುವಾಗ ಕಟಕ್ಕೆನ್ನುತ್ತಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಅದೇ ವಾರ ನಾಕಾದ ಕಡೆಯಿಂದ ಬಂದ ಗಾಡಿಯವನೊಬ್ಬ ಮನ್ಮಥಪ್ಪನಿಗೆ ಹೇಳಿದ: ಹಬ್ಬ ಮುಗಿದ ಮೇಲೆ ಲಿಲಾವು ಅಂತ ಡಂಗುರ ಹೊಡೆದಾರ, ಜಬ್ತಿ ಮಾಲೆಲ್ಲ ಹೊರಗೆ ತೆಗೆದಿಟ್ಟಾರ. ಮನ್ಮಥಪ್ಪ ಮನೆಗೆ ಬಂದವನೇ ಮಾಡಕ್ಕೆ ಕೈ ಹಾಕಿದ.

"ಇನ್ನ ಮುಗೀತು. ಕೂಸಿನ ಹೆಸರು ಹಾಕಿ ಕಳಸ್ತೀನಿ. ಲಿಲಾವದಾಗ ಯಾವನೋ ಒಯ್ಯೂದಕ್ಕಿಂತ ಯಾರ ಹೆಸರಿಗಾದ್ರೂ ಬರಲಿ."

"ಇಡು ಅಲ್ಲಿ," ಎಂದಳು ತಾಯಿ.

"ಅವ್ವಾ, ನಿನ್ನ ಹೆಸರು ಬರದ್ರ ಸುಂಕ ಎಲ್ಲಿಂದ ತರ್ತಿ? ನನ್ನ ಹತ್ರ ಇಲ್ಲ. ಅಪ್ಪನ ಪಗಾರ ಹಬ್ಬಕ್ಕ ನಿಲ್ತದ. ಉಣ್ಣೋ ಬಾಯಿ ಒಂದು ಹೆಚ್ಚಾಗ್ಯದ."

"ಆ ಬಾಯಿ ಇನ್ನಾ ಉಣ್ಣಂಗಿಲ್ಲ, ಹಾಲು ಕುಡೀತದ," ಎಂದ ಕಲ್ಯಾಣಪ್ಪ ಕಟ್ಟೆಯ ಮೇಲಿಂದ. "ಉಣ್ಣೋ ಬಾಯಿ ಅಂದ್ರ ನಂದು ಅನ್ನು."

"ನಾ ಹಂಗೆಲ್ಲಿ ಅಂದೆರಿ ಅಪ್ಪಾ!"

"ಅಂದಿಲ್ಲ, ಬಿಡು." ಕಲ್ಯಾಣಪ್ಪ ಸೊಂಟದ ಸಂಚಿ ಬಿಚ್ಚಿ ತಳ ತಡವಿದ. "ಸಂತಿಗಿ ಹೋದ್ರ ಚಿಮಟಿ ತಂಬಾಕ ತಾ. ತೀರ್ಯದ."

"ತರ್ತೀನಿರಿ."

ಸಂತೆ ಆಯಿತು. ಮನ್ಮಥಪ್ಪ ಎಣ್ಣೆ ತಂದ, ಬಾಣಂತಿಗೆ ಬೆಳ್ಳುಳ್ಳಿ ತಂದ, ಕೂಸಿಗೆ ಬಜೆ ತಂದ. ತಂಬಾಕು ಮರೆತಿದ್ದ. ಕಲ್ಯಾಣಪ್ಪ ಕೇಳಲಿಲ್ಲ. ಊಟವಾದ ಮೇಲೆ ಎಲೆಗೆ ಸುಣ್ಣ ಸವರಿ, ಬರಿದಾದ ಸಂಚಿಯನ್ನು ಒಳಮಗ್ಗುಲು ಹೊರಳಿಸಿ, ಹೊಲಿಗೆಯ ಸಂದಿಯಲ್ಲಿ ಉಳಿದ ಪುಡಿಯನ್ನು ಉಗುರಿನಿಂದ ಕೆರೆದು ಹಾಕಿಕೊಂಡ. ಪ್ರಯಾಗಬಾಯಿ ತಾಟು ತೆಗೆಯುತ್ತಿದ್ದವಳು ನಿಂತು ನೋಡಿದಳು.

"ಕೇಳಬಾರದೇನ್ರಿ?"

"ಅಂವಗ ನೂರಾ ಎಂಟು ಕೆಲಸ. ಮುಂದಿನ ಸಂತಿಗಿ ತರ್ತಾನ."

ಇನ್ನೊಂದು ಕಾಳಜಿ ಸೊಸೆಯದು. ಲಿಂಗಪೂಜೆ ಆಗದೆ ಆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಮೊದಲು ಶಿವಗಂಗಾಬಾಯಿ ಚಟ್ಟನೆ ಪೂಜೆ ಮುಗಿಸಿ ಏಳುತ್ತಿದ್ದಳು. ಈಗ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಕೂತರೆ ಏಳುವುದೇ ಇಲ್ಲ. ಅಂಟಿನ ಉಂಡೆ, ಸಜ್ಜಕ ಎಲ್ಲ ಆರಿ ಹೋಗುತ್ತಿತ್ತು. ಕೂಸು ಹಸಿದು ಅಳುತ್ತಿತ್ತು.

"ಏಳವ್ವಾ, ಉಣ್ಣು. ನೀ ಉಣ್ಣದಿದ್ರ ಹಾಲೆಲ್ಲಿ ಬರ್ತಾವ?" ಎಂದಳು ಪ್ರಯಾಗಬಾಯಿ ಒಂದು ಬೆಳಿಗ್ಗೆ.

"ಕೈ ನಡಗ್ತದರಿ ಅತ್ತೆವ್ವ. ವಿಭೂತಿ ಹಚ್ಚಾಕ ಹೋದ್ರ ನಡಗ್ತದ. ಇದನ್ನ ಮುಟ್ಟೇ ಹೇಳೀನಲ್ಲ ಅಂತ."

"ನೀ ತಿಳದು ಸುಳ್ಳು ಹೇಳಿಲ್ಲ."

"ದೇವರಿಗಿ ಗೊತ್ತದ," ಎಂದು ಶಿವಗಂಗಾಬಾಯಿ ಅಂಗೈ ನೋಡಿದಳು. "ನನ್ನ ಕೈಗಿ ಗೊತ್ತಾಗವಲ್ದು."

ಪ್ರಯಾಗಬಾಯಿ ಅಲ್ಲೇ ಗೋಡೆಗೆ ಆತು ಕೂತಳು.

"ನಾನೇ ಮುಟ್ಟಿ ಹೇಳಬೇಕಾಗಿತ್ತು," ಎಂದಳು ಆಮೇಲೆ. "ಹೆದರಿದೆ. ನಿನಗ ಮೊದಲೇ ಖರೇ ಹೇಳಿದ್ರ ನೀ ಕಟ್ಕೋತಿದ್ದಿಲ್ಲ ಅಂತ ಹೇಳ್ಲಿಲ್ಲ."

"ಕಟ್ಕೋತಿದ್ದೆ," ಎಂದಳು ಶಿವಗಂಗಾಬಾಯಿ. "ಕೇಳಿದ್ರ ಕಟ್ಕೋತಿದ್ದೆ. ಯಾರದಂತ ಕೇಳಿದ್ರ ಸುಮ್ಮನಿರ್ತಿದ್ದೆ. ನನ್ನ ಕೂಸಿಗಂತ ಮಾಡ್ಸ್ಯಾರ ಅಂತ ಆ ದಾರಿ ತುಂಬ ಏಟು ಹಿಗ್ಗಿದ್ದೆ, ನಿಮಗೇನು ಗೊತ್ತು?"

ಪ್ರಯಾಗಬಾಯಿಗೆ ಗೊತ್ತಿತ್ತು. ಗಾಡಿಯಲ್ಲಿ ಎದುರಿಗೇ ಕೂತಿದ್ದಳು.

ಯುಗಾದಿಗೆ ಇನ್ನು ನಾಲ್ಕಾರು ದಿನ ಇರುವಾಗ ಅವಳು ಬೆಳಿಗ್ಗೆಯೇ ಸೆರಗು ಹೊದ್ದು ಹೊರಗೆ ಹೋದಳು. ಮರಳಿ ಬಂದಾಗ ಅವಳ ಕೊರಳಲ್ಲಿ ಬೆಳ್ಳಿ ಇರಲಿಲ್ಲ. ಬಿಳಿ ಅರಿವೆಯಲ್ಲಿ ಗಂಟು ಕಟ್ಟಿದ ಲಿಂಗವಿತ್ತು. ಕಲ್ಯಾಣಪ್ಪನಿಗೆ ಅದು ಕಾಣಲಿಲ್ಲ. ಮನ್ಮಥಪ್ಪನಿಗೆ ಕಂಡಿತು.

"ಅವ್ವಾ! ಕರಡಗಿ?"

"ಅಕ್ಕಸಾಲಿ ಹತ್ರ ಅದ. ಸುಂಕಕ್ಕ ಆಗ್ತದ. ಜುರ್ಮಾನಿಗೂ ಆಗ್ತದ."

"ಹುಚ್ಚು ಹಿಡೀತೇನು ನಿನಗ? ಸುಂಕಿಲ್ಲದ್ದು ಮಾರಿ ಸುಂಕದ್ದು ಬಿಡಿಸ್ಕೋತಿ?"

"ಹೌದು. ಆ ಕಾಯ್ದೆ ಮಾಡಿದವರಿಗಿ ಕೇಳು, ಯಾರಿಗಿ ಹುಚ್ಚು ಹಿಡದದ ಅಂತ." ಅವಳು ಮಾಡದಿಂದ ಕಾಗದ ತೆಗೆದುಕೊಂಡಳು. "ಶಿವಗಂಗಾ, ಕೂಸಿನ್ನ ಎತ್ಕೋ. ಬಿಸಿಲು ಏರೂದ್ರೊಳಗ ಹೋಗಿ ಬರೂಣ."

"ಬಾಣಂತಿ ಯಾಕ?"

"ಆಕಿ ಎದುರಿಗೇ ಬರಸ್ಬೇಕು."

ನಿಲಂಗಾದಿಂದ ಬಂದು ನೆಲೆಸಿದ ಮುನ್ಶಿ ಪೇಟೆಯ ಬೇವಿನ ಕೆಳಗೆ ಚಾಪೆ ಹಾಸಿ ಕೂಡುತ್ತಿದ್ದ. ಅವನ ಮುಂದೆ ಯಾವಾಗಲೂ ನಾಲ್ಕು ಮಂದಿ. ಅವತ್ತೂ ಇದ್ದರು, ಅದರಲ್ಲಿ ಪಕ್ಕದ ಮನೆಯ ಸರುಬಾಯಿಯೂ ಇದ್ದಳು, ಮಗನ ಯಾವುದೋ ಬಾಡಿಗೆ ಚೀಟಿ ಹಿಡಿದುಕೊಂಡು. ಪ್ರಯಾಗಬಾಯಿ ಅವಳನ್ನು ನೋಡಿ ಒಂದು ಗಳಿಗೆ ನಿಂತಳು. ಆಮೇಲೆ ಕಾಗದವನ್ನು ಮುನ್ಶಿಯ ಮುಂದಿಟ್ಟಳು.

"ಇದಾ? ಇನ್ನಾ ಹೋಗಿಲ್ಲೇನು ಇದು?" ಮುನ್ಶಿ ಕಾಗದದ ಮಡಿಕೆ ಬಿಡಿಸಿದ. ಮಡಿಕೆಯಲ್ಲಿ ಉಪ್ಪಿನ ಹಳಕು ಇತ್ತು. "ಮಾಲಕನ ಹೆಸರು?"

"ಪ್ರಯಾಗಬಾಯಿ, ಕಲ್ಯಾಣಪ್ಪನ ಹೆಂಡತಿ."

"ಹಂಗ ಬರದ್ರ ಸುಂಕ ಬೀಳ್ತದವ್ವಾ. ನಿಮ್ಮ ಮಗಗ ಹೇಳೀನಿ."

"ಬೀಳಲಿ. ಇನ್ನೊಂದು ಮಾತು ಸೇರಸ್ರಿ. ಆ ದಿನ ನಾಕಾದಾಗ ನನ್ನ ಸೊಸಿ ಶಿವಗಂಗಾಬಾಯಿ ಹೇಳಿದ ಮಾತು ಆಕಿ ಹುಟ್ಟಿಸಿದ ಸುಳ್ಳಲ್ಲ. ಆಕಿಗಿ ನಾನೇ ಸುಳ್ಳು ಹೇಳಿದ್ದೆ. ಕೂಸಿನ ಹೆಸರು ಮುಂದ ಮಾಡಿ ನನ್ನ ಮುಪ್ಪಿನ ಬೆಳ್ಳಿ ನಾನೇ ತಂದೀನಿ. ತಪ್ಪು ನಂದು."

ಮುನ್ಶಿ ಲೆಕ್ಕಣಿಕೆ ಎತ್ತಿ ಹಿಡಿದ. "ಇದು ಬೇಕಾಗಿಲ್ಲ. ಇದಕ್ಕ ಜುರ್ಮಾನಿ ಹೆಚ್ಚಾಗ್ತದ."

"ಬೇಕು. ಬರೀರಿ. ಬರದು ಜೋರಲೇ ಓದ್ರಿ."

ಮುನ್ಶಿ ಬರೆದ. ಆಮೇಲೆ ಉರ್ದುವಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಓದಿದ. ಸರುಬಾಯಿ ಬಾಯಿಗೆ ಸೆರಗು ಹಿಡಿದಳು. ಚಾಪೆಯ ಅಂಚಿನಲ್ಲಿ ಕೂತವನೊಬ್ಬ ಕೆಮ್ಮಿದ. ಶಿವಗಂಗಾಬಾಯಿ ಕೂಸಿನ ತಲೆಯ ಮೇಲಿನ ಕುಂಚಿಗೆ ಸರಿಮಾಡುತ್ತ ನಿಂತಿದ್ದಳು. ಅದರ ಒಂದು ತುದಿ ಹರಿದಿತ್ತು.

"ನೀವು ಗಂಡ ಹೆಂಡ್ತಿ ಹೋದ ಮ್ಯಾಲ ಉಳಿದದ್ದು ಯಾರಿಗಿ ಅಂತನೂ ಬರೀಲೇನು?" ಎಂದ ಮುನ್ಶಿ.

"ಮೊದಲ ಉಳೀಲಿ," ಎಂದಳು ಪ್ರಯಾಗಬಾಯಿ. ಮಸಿ ಹಚ್ಚಿದ ಹೆಬ್ಬೆರಳನ್ನು ಕಾಗದಕ್ಕೆ ಒತ್ತಿದಳು.

ಸರುಬಾಯಿ ದಾರಿಗೆ ಅಡ್ಡ ಬಂದಳು. "ಏ ಪ್ರಯಾಗಾ, ಗಂಜಿ ಕಾಸಿ ಆಯ್ತೇನು ನಿಂದು?"

"ಒಲಿ ಮ್ಯಾಲ ಅದ ಇನ್ನಾ," ಎಂದು ಪ್ರಯಾಗಬಾಯಿ ದಾಟಿ ನಡೆದಳು.

ಟಪಾಲು ಮನೆಯ ಕಿಟಕಿಯಲ್ಲಿ ಕಾಗದ ಕೊಟ್ಟು ಅವಳು ಕೈ ಬಿಡಲಿಲ್ಲ. ಒಳಗಿನವನು ಎಳೆದ.

"ಬಿಡ್ರಿ ಅವ್ವಾ. ಥೈಲಿ ಕಟ್ಟೂ ಹೊತ್ತಾಗ್ಯದ."

"ಹಬ್ಬದೊಳಗ ಮುಟ್ಟತದೇನ್ರಿ?"

"ಹರಕಾರ ಈಗ ಹೊಂಟಾನ. ದಾರ್ಯಾಗ ಏನೂ ಆಗದಿದ್ರ ಮುಟ್ಟತದ."

"ಮುಟ್ಟಿದ ಮ್ಯಾಲ ಬಿಡ್ತಾರೇನು?"

"ಅದು ನನ್ನ ಕೇಳಬ್ಯಾಡ್ರಿ."

ಅವಳು ಬೆರಳು ಸಡಿಲಿಸಿದಳು. ಠಸ್ಸೆ ಬಿತ್ತು. ಅತ್ತೆ ಸೊಸೆ ಇಬ್ಬರೂ ಹೊರಗಿನ ಕಟ್ಟೆಯ ಹತ್ತಿರ ನಿಂತರು. ಹರಕಾರ ಚೀಲ ಬೆನ್ನಿಗೆ ಹಾಕಿಕೊಂಡು ಗೆಜ್ಜೆ ಕಟ್ಟಿದ ಕೋಲು ಎತ್ತಿ ಓಡತೊಡಗಿದ. ಪೇಟೆಯ ತಿರುವಿನವರೆಗೆ ಗೆಜ್ಜೆ ಕೇಳಿಸಿತು.

"ಸಂಚಿಗಿ ತಂಬಾಕ ತಗೊಂಡು ಹೋಗೂಣರಿ ಅತ್ತೆವ್ವ," ಎಂದಳು ಶಿವಗಂಗಾಬಾಯಿ. "ಮಾವಗ ತೀರ್ಯದ."

"ನಿನಗ ಹ್ಯಾಂಗ ಗೊತ್ತು?"

"ನನಗೂ ಕಣ್ಣವ." ಕೂಸನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡಳು. "ಲಗೂ ನಡೀರಿ. ನಂದಿನ್ನಾ ಪೂಜಿ ಆಗಿಲ್ಲ. ಹಸಿವಿ ಆಗ್ಲತ್ತದ."

ಪ್ರಯಾಗಬಾಯಿ ತಿರುವಿನ ಕಡೆ ಕಿವಿಗೊಟ್ಟು ಇನ್ನೊಂದು ಗಳಿಗೆ ನಿಂತಳು. ಗೆಜ್ಜೆಯ ಸದ್ದು ಇರಲಿಲ್ಲ.